ಬಿಳಿ ಬಟನ್ನಿನ ಮೇಲಿನ ಕುಂಕುಮ

ಅಳತೆ ಇಲ್ಲದೆ ಜ್ಞಾನವಿಲ್ಲ ಎಂಬುದು ಎಂಜಿನಿಯರಿಂಗ್ ಶಾಸ್ತ್ರದ ಮೂಲಸತ್ಯ. ಇದನ್ನು ನಾನು ಮೂವತ್ತು ವರ್ಷ, ಪ್ರತಿ ಮಳೆಗಾಲದ ಮೊದಲ ತರಗತಿಯಲ್ಲಿ, ತಕ್ಕ ಗಾಂಭೀರ್ಯದಿಂದ ಪಾಠ ಮಾಡಿದ್ದೇನೆ. ಕಳೆದ ತಿಂಗಳು ನಿಪ್ಪಾಣಿಯ ಬಸ್ ನಿಲ್ದಾಣದಲ್ಲಿ ನಿಂತಿದ್ದಾಗ ತಂಬಾಕಿನ ಚೀಲ ಹೇರಿದ ಟೆಂಪೊ ಒಂದು ಮಗ್ಗುಲಲ್ಲೇ ಹಾದುಹೋಯಿತು. ನಾನು ಒಂದೇ ಸಮನೆ ಏಳು ಸಲ ಸೀನಿದೆ. ಏಳು ಎಂಬುದು ಅಳತೆ. ಅದರಿಂದ ಯಾವ ಜ್ಞಾನವೂ ಹುಟ್ಟಲಿಲ್ಲ. ಪಕ್ಕದಲ್ಲಿದ್ದ ಮುದುಕನೊಬ್ಬ ಮಾತ್ರ, "ಹೊಸಬರೇನ್ರಿ ಊರಿಗೆ?" ಎಂದು ಕೇಳಿದ.

ಹೊಸಬನಲ್ಲ. ತೊಂಬತ್ತರ ದಶಕದ ನಡುವಿನ ಒಂದು ಬೇಸಿಗೆಯನ್ನೂ ಅದರ ಬಾಲಕ್ಕೆ ಅಂಟಿಕೊಂಡ ಅರ್ಧ ಮಳೆಗಾಲವನ್ನೂ ನಾನು ಆ ಊರಿನಲ್ಲಿ ಸೀನುತ್ತಲೇ ಕಳೆದಿದ್ದೇನೆ.

ಆಗ ನಾನು ಚಿಕ್ಕೋಡಿಯ ಪಾಲಿಟೆಕ್ನಿಕ್ ಒಂದರಲ್ಲಿ ವಿದ್ಯುತ್ ವಿಭಾಗದ ಉಪನ್ಯಾಸಕ. ವಯಸ್ಸು ನಲವತ್ತೊಂದು. ಸ್ನಾತಕೋತ್ತರ ಪದವಿಗೆ ಹೆಸರು ನೋಂದಾಯಿಸಿ ಎಷ್ಟು ವರ್ಷವಾಗಿತ್ತೆಂದರೆ, ನೋಂದಾಯಿಸಿದಾಗ ನನ್ನ ಕೈಯಲ್ಲಿ ಪಾಠ ಕಲಿಯುತ್ತಿದ್ದವನೊಬ್ಬ ಈಗ ಅದೇ ಪದವಿ ಪಡೆದು ನಮ್ಮ ವಿಭಾಗಕ್ಕೇ ಬಂದು, ನನ್ನ ಎದುರಿನ ಕುರ್ಚಿಯಲ್ಲಿ ಕುಳಿತು "ಸರ, ನಿಮ್ದು ಎಲ್ಲೀಮಟ ಬಂತ್ರಿ?" ಎಂದು ವಿನಯದಿಂದ ಕೇಳುತ್ತಿದ್ದ. ಮೂರು ಸಲ ಅವಧಿ ವಿಸ್ತರಿಸಿಕೊಂಡಿದ್ದೆ. ಮೂರನೆಯದರ ಪತ್ರದಲ್ಲಿ ವಿಶ್ವವಿದ್ಯಾಲಯ ಸ್ಪಷ್ಟವಾಗಿ ಬರೆದಿತ್ತು: ಜೂನ್ ಮೂವತ್ತರೊಳಗೆ ಪ್ರಬಂಧ ತಲುಪದಿದ್ದರೆ ನೋಂದಣಿ ರದ್ದು. ರದ್ದಾದರೆ ಮುಂದಿನ ಬಡ್ತಿಯೂ ಇಲ್ಲ. ಇದ್ದ ಕುರ್ಚಿಯಲ್ಲೇ ಕೂದಲು ನೆರೆಯಬೇಕು, ನೆರೆಯಲು ಉಳಿದಿದ್ದರೆ.

ಪ್ರಬಂಧದ ವಿಷಯ ವಿದ್ಯುತ್ ಮೋಟಾರಿನ ವೇಗಕ್ಕೆ ತಾನೇ ಹೊಂದಿಕೊಳ್ಳುವ ಫಜ್ಜಿ ನಿಯಂತ್ರಣ. ಹೆಸರಿಗೆ ಹೆದರಬೇಕಾಗಿಲ್ಲ. ಸಾಧಾರಣ ನಿಯಂತ್ರಕಕ್ಕೆ ಎಲ್ಲವನ್ನೂ ಅಂಕಿಯಲ್ಲಿ ಹೇಳಬೇಕು. ಫಜ್ಜಿ ನಿಯಂತ್ರಕಕ್ಕೆ ಮನುಷ್ಯರ ಮಾತಿನಲ್ಲಿ ಹೇಳಿದರೆ ಸಾಕು: ಹೊರೆ ಜರಾ ಏರಿದರೆ ವೇಗ ಜರಾ ಇಳಿಸು, ಹೊರೆ ಭಾಳ ಏರಿದರೆ ಭಾಳ ಇಳಿಸು. ಈ 'ಜರಾ' ಮತ್ತು 'ಭಾಳ'ಗಳ ನಲವತ್ತೊಂಬತ್ತು ನಿಯಮಗಳನ್ನು ಒಂದು ಪೆಟ್ಟಿಗೆಯ ನೆನಪಿನಲ್ಲಿ ಇಟ್ಟರೆ ಅದು ಮೋಟಾರನ್ನು ನಡೆಸುತ್ತದೆ. ಎಲ್ಲಿ ತಪ್ಪಿತೋ ಅಲ್ಲಿ ತಿದ್ದಿದರೆ ತಿದ್ದಿಕೊಂಡು ಕಲಿಯುತ್ತದೆ. ಲೋಕದ ಕೆಲವು ದೇಶಗಳಲ್ಲಿ ಇದರಿಂದ ರೈಲು ಓಡಿಸುತ್ತಿದ್ದಾರೆ ಎಂದು ಓದಿದ್ದೆ. ನಮ್ಮ ಪ್ರಯೋಗಾಲಯದಲ್ಲಿ ಅದು ಒಂದು ಬರಿಯ ಮೋಟಾರನ್ನು ನಾಲ್ಕು ವರ್ಷದಿಂದ ಬರಿದೇ ತಿರುಗಿಸುತ್ತಿತ್ತು.

ಬೆಳಗಾವಿಯಲ್ಲಿದ್ದ ನನ್ನ ಮಾರ್ಗದರ್ಶಕರು ಅದನ್ನು ನೋಡಿ ನೋಡಿ ದಣಿದಿದ್ದರು. "ಏನೂ ಕೆಲಸಾ ಮಾಡದ ಮೋಟಾರ ಚಲೋ ತಿರಗೂದ ಯಾವ ಸಂಶೋಧನಾನೋ ಮಾರಾಯಾ? ಸೊಸಿ ಇಲ್ಲದ ಮನ್ಯಾಗ ಎಲ್ಲಾ ಅತ್ತೀನೂ ಚಲೋನ" ಎಂದರು. "ಹೊರಗ ಒಯ್ದು ಯಾವುದರೆ ಗಿರಣಿಗೆ ಕಟ್ಟು. ಒಂದ ಬ್ಯಾಸಗಿ. ಬರದು ಕೊಟ್ಟು ಕೈ ತೊಳಕೋ."

ಹಾಗೆ ನಾನು ನಿಪ್ಪಾಣಿಗೆ, ಭೂಪಾಲಣ್ಣನ ವಖಾರಕ್ಕೆ ಬಂದೆ. ವಖಾರವೆಂದರೆ ತಂಬಾಕಿನ ಎಲೆಯನ್ನು ಬಡಿದು, ಜರಡಿ ಹಿಡಿದು, ಬೀಡಿಗೆ ಬೇಕಾದ ಹದಕ್ಕೆ ತರುವ ದೊಡ್ಡ ಗೋದಾಮು. ಭೂಪಾಲಣ್ಣ ಜೈನರ ಪೈಕಿ, ಸೂರ್ಯ ಮುಳುಗುವ ಮುಂಚೆ ಊಟ ಮುಗಿಸುವವನು. ತಾನು ಮಾತ್ರ ಜನ್ಮದಲ್ಲಿ ಒಂದು ಬೀಡಿ ಸೇದಿದವನಲ್ಲ. ಅವನ ಮೋಟಾರು ಚಾಲಿತ ಜರಡಿ ಎರಡು ವರ್ಷದಲ್ಲಿ ಎರಡು ಮೋಟಾರು ಸುಟ್ಟಿತ್ತು. "ಒಯ್ದು ಕಟ್ರಿ ಸರ" ಎಂದ. "ಸುಟ್ಟರ ನಿಮ್ಮ ಮೋಟಾರ ಸುಡತೈತಿ, ನಂದೇನ ಹೋಗೂದೈತಿ?" ಇಷ್ಟು ಶುದ್ಧವಾದ ಪ್ರೋತ್ಸಾಹ ನನಗೆ ಅದುವರೆಗೆ ಯಾವ ಸಂಸ್ಥೆಯಿಂದಲೂ ದೊರೆತಿರಲಿಲ್ಲ.

ಜರಡಿಯ ವೇಗ ಸೂಕ್ಷ್ಮದ ವಿಚಾರ. ಒಣಗಿದ ಎಲೆಗೆ ವೇಗ ಹೆಚ್ಚಾದರೆ ಎಲ್ಲವೂ ಪುಡಿಯಾಗಿ ವಖಾರವೆಲ್ಲ ಕಣ್ಣು ಮೂಗು ಬಿಡಲಾರದ ಧೂಳು. ತಂಪು ಹಿಡಿದ ಎಲೆಗೆ ವೇಗ ಸಾಲದಿದ್ದರೆ ಎಲೆ ಗುಡ್ಡೆಗಟ್ಟಿ ಜರಡಿ ಕಚ್ಚಿಕೊಳ್ಳುತ್ತದೆ, ಬೆಲ್ಟು ಜಾರುತ್ತದೆ. ಯಾವಾಗ ಎಷ್ಟು ಎಂಬುದನ್ನು ಆ ವಖಾರದಲ್ಲಿ ಬಲ್ಲವಳು ಒಬ್ಬಳೇ, ಮಾಯವ್ವ. ಚಿಂಚಲಿ ಕಡೆಯ ಹೆಣ್ಣು, ನಿಪ್ಪಾಣಿಗೆ ಕೊಟ್ಟಿದ್ದು. ಐವತ್ತು ದಾಟಿದ ವಯಸ್ಸು. ಜರಡಿಗೆ ಎಲೆ ಬಿಡುವುದು ಅವಳ ಕೆಲಸ. ಒಂದು ಚಿವುಟು ಎಲೆಯನ್ನು ಕಿವಿಯ ಹತ್ತಿರ ಹಿಡಿದು ಹೆಬ್ಬೆರಳಿನಿಂದ ತಿಕ್ಕುವಳು. ಸದ್ದು ಕೇಳಿಸಿಕೊಂಡು, "ಸಾವಕಾಶ" ಎನ್ನುವಳು, ಇಲ್ಲವೆ "ಹೋಗ್ಲಿ, ಜಲ್ದಿ" ಎನ್ನುವಳು. ಆಗ ಯಾರಾದರೂ ಬಂದು ಬೆಲ್ಟನ್ನು ಸಣ್ಣ ಗಾಲಿಯಿಂದ ದೊಡ್ಡ ಗಾಲಿಗೆ, ಇಲ್ಲವೆ ದೊಡ್ಡದರಿಂದ ಸಣ್ಣದಕ್ಕೆ ಎಳೆದು ಹಾಕುವರು.

ನನ್ನ ಯೋಜನೆಯ ಕೇಂದ್ರವೇ ಇವಳು. ಪೆಟ್ಟಿಗೆಗೆ ಎರಡು ಬಟನ್ನು ಇರಿಸಿದ್ದೆ. ಬಿಳಿಯದು ಸಾವಕಾಶ, ಕರಿಯದು ಜಲ್ದಿ. ವೇಗ ತನ್ನ ಮನಸ್ಸಿಗೆ ಬಾರದಾಗ ಮಾಯವ್ವ ತಕ್ಕ ಬಟನ್ನು ಒತ್ತಬೇಕು. ಆ ಕ್ಷಣ ನಡೆಯುತ್ತಿದ್ದ ನಿಯಮ ಒಂದು ಕೂದಲೆಳೆಯಷ್ಟು ಆ ಕಡೆಗೆ ಜರುಗುತ್ತದೆ. ಒತ್ತಿದ್ದು ಎಷ್ಟು ಸಲ ಎಂಬುದನ್ನು ಪೆಟ್ಟಿಗೆ ಕೆಂಪು ಅಂಕಿಯಲ್ಲಿ ತೋರಿಸುತ್ತದೆ. ದಿನ ಕಳೆದಂತೆ ಒತ್ತುವುದು ಕಡಿಮೆಯಾಗಿ ಸೊನ್ನೆಗೆ ಬಂದರೆ, ಪೆಟ್ಟಿಗೆ ಮಾಯವ್ವನ ವಿದ್ಯೆಯನ್ನು ಕಲಿತಿತು ಎಂದರ್ಥ. ಕರೆಂಟು ಹೋದರೂ ಕಲಿತದ್ದು ಮರೆಯದಿರಲೆಂದು ಹಳೆಯ ಸ್ಕೂಟರಿನ ಬ್ಯಾಟರಿಯನ್ನೂ ಜೋಡಿಸಿದ್ದೆ.

ಏಪ್ರಿಲ್ ನಡುವಿನಲ್ಲಿ ಪ್ರಾರಂಭೋತ್ಸವ ನಡೆಯಿತು. ಭೂಪಾಲಣ್ಣ ಕಾಯಿ ಒಡೆದ. ಮಾಯವ್ವ ಮೋಟಾರಿಗೆ ಅರಿಶಿನ ಹಚ್ಚಿ, ಪೆಟ್ಟಿಗೆಗೆ ಊದಿನಕಡ್ಡಿ ಬೆಳಗಿ, ಎರಡು ಬಟನ್ನುಗಳಿಗೂ ಎರಡು ಬೊಟ್ಟು ಕುಂಕುಮ ಇಟ್ಟಳು. ನಾನು ಅವಳಿಗೆ ಬಟನ್ನುಗಳ ಮಹತ್ವವನ್ನು ಅರ್ಧ ಗಂಟೆ ವಿವರಿಸಿದೆ.

"ತಿಳೀತಿಲ್ಲವಾ?"

"ತಿಳೀತ್ರಿ ಸರ. ಸಾವಕಾಶಕ್ಕ ಬಿಳೇದು, ಜಲ್ದಿಗೆ ಕರೇದು."

"ತಪ್ಪ ಕಂಡಾಗ ಒತ್ತಬೇಕು."

"ತಪ್ಪ್ಯಾಕ ಆಕೈತಿ ಬಿಡ್ರಿ" ಎಂದಳು.

ಈ ಮಾತಿನಲ್ಲೇ ಆರು ವಾರದ ಫಲಿತಾಂಶವೆಲ್ಲ ಅಡಗಿತ್ತು. ನಾನು ಅದನ್ನು ಶುಭಾಶಯವೆಂದು ತಿಳಿದೆ.

ಆಮೇಲೆ ದಿನಾ ಬೆಳಿಗ್ಗೆ ಚಿಕ್ಕೋಡಿಯಿಂದ ಮೊದಲ ಬಸ್ಸು. ಕಿಟಕಿಯ ಗಾಜು ಇಳಿಸಿದರೆ ಧೂಳು, ಏರಿಸಿದರೆ ಬೆವರು. ವಖಾರದ ಮೂಲೆಯಲ್ಲಿ ಒಂದು ಕಬ್ಬಿಣದ ಕುರ್ಚಿ ಹಾಕಿಕೊಂಡು, ಮೂಗಿಗೆ ಒದ್ದೆ ಕರವಸ್ತ್ರ ಕಟ್ಟಿಕೊಂಡು, ತಾಸಿಗೊಮ್ಮೆ ಅಂಕಿ ಬರೆದುಕೊಳ್ಳುವುದು. ಮೇ ತಿಂಗಳ ಸೆಕೆಯಲ್ಲಿ ತಗಡಿನ ಮಾಡಿನ ಕೆಳಗೆ ಮಧ್ಯಾಹ್ನ ಎನ್ನುವುದು ಮುಗಿಯುವ ವಸ್ತುವಾಗಿರಲಿಲ್ಲ. ಸಂಜೆ ಅದೇ ಬಸ್ಸು. ನನ್ನ ಅಂಗಿಗಳನ್ನು ಮನೆಯವಳು ಬೇರೆ ಬಕೆಟ್ಟಿನಲ್ಲಿ, ಮುಖ ತಿರುಗಿಸಿಕೊಂಡು ನೆನೆಹಾಕುತ್ತಿದ್ದಳು.

ಆದರೆ ಫಲಿತಾಂಶ ಅದ್ಭುತವಾಗಿತ್ತು. ಮೊದಲ ದಿನ ಒತ್ತಿದ್ದು ಸೊನ್ನೆ. ಎರಡನೆಯ ದಿನ ಸೊನ್ನೆ. ಮೊದಲ ವಾರ ನನಗೆ ಅನುಮಾನ ಬಂದು ತಂತಿಗಳನ್ನು ಮೂರು ಸಲ ಪರೀಕ್ಷಿಸಿದೆ. ನಾನೇ ಒಂದು ಕಡ್ಡಿಯಿಂದ ಬಟನ್ನಿನ ಅಂಚು ಅದುಮಿದರೆ ಅಂಕಿ ಏರುತ್ತಿತ್ತು. ತಂತಿ ಸರಿ. ಜರಡಿಯೂ ಒಂದು ದಿನವೂ ಕಚ್ಚಲಿಲ್ಲ, ಧೂಳೂ ಎಂದಿನಷ್ಟೇ. ನನ್ನ ನಲವತ್ತೊಂಬತ್ತು ನಿಯಮಗಳು ಮೊದಲಿನಿಂದಲೇ ಸರಿಯಾಗಿದ್ದವು ಎಂಬ ತೀರ್ಮಾನಕ್ಕೆ ಬರಲು ನನಗೆ ಹೆಚ್ಚು ಕಷ್ಟವಾಗಲಿಲ್ಲ. ಮನುಷ್ಯ ಇಂಥ ತೀರ್ಮಾನಗಳಿಗೆ ಬಲು ಬೇಗ ಬರುತ್ತಾನೆ. ಬಟನ್ನುಗಳ ಮೇಲಿನ ಕುಂಕುಮ ವಾರ ಕಳೆದರೂ ಇಟ್ಟ ಹಾಗೇ ಇರುವುದನ್ನು ದಿನವೂ ನೋಡುತ್ತಿದ್ದೆ. ಎಂಥ ಭಕ್ತಿ, ದಿನವೂ ಹೊಸದಾಗಿ ಇಡುತ್ತಾಳೆ ಎಂದುಕೊಂಡಿದ್ದೆ.

ಮೇ ಕೊನೆಗೆ ಐದನೆಯ ಅಧ್ಯಾಯ ಬರೆದೆ. 'ಅನುಭವಿ ಕೆಲಸಗಾರ್ತಿಯ ಮೇಲ್ವಿಚಾರಣೆಯಲ್ಲಿ ಆರು ವಾರ, ತಿದ್ದುಪಡಿ ಶೂನ್ಯ.' ಚಿಕ್ಕೋಡಿಯ ಟೈಪಿಂಗ್ ಅಂಗಡಿಯವನು ಅದನ್ನು ಟೈಪೂ ಮಾಡಿದ.

ಅದರ ಮರುದಿನ ಮಾಯವ್ವ ಇರಲಿಲ್ಲ. ಏಕಸಂಬಿಯಲ್ಲಿ ತಂಗಿಯ ಮಗಳ ಕುಬಸ, ಅಂದರೆ ಸೀಮಂತ, ಇತ್ತು. ಅವಳ ಜಾಗದಲ್ಲಿ ಎಲೆ ಬಿಡಲು ಶಾಂತಾ ನಿಂತಳು. ಮೂವತ್ತರ ಹೆಣ್ಣು, ಬಾಯಿ ಜೋರು. ಬುಟ್ಟಿ ಎತ್ತಿ ಎಲ್ಲರೂ ಸುರಿಯುವಂತೆ ಎಲೆ ಸುರಿದಳು. ಹತ್ತು ನಿಮಿಷವಾಗಿರಬಹುದು. ಜರಡಿ ಗೊರಗೊರ ಎಂದಿತು. ನನ್ನ ಪೆಟ್ಟಿಗೆ ಹೊರೆ ಏರಿತೆಂದು ವೇಗ ಇಳಿಸಿತು. ವೇಗ ಇಳಿದಷ್ಟೂ ಎಲೆ ಗುಡ್ಡೆಯಾಯಿತು. ಗುಡ್ಡೆಯಾದಷ್ಟೂ ಹೊರೆ ಏರಿತು. ಪೆಟ್ಟಿಗೆ ಇನ್ನೂ ಇಳಿಸಿತು, ಶಾಸ್ತ್ರೋಕ್ತವಾಗಿ. ಬೆಲ್ಟು ಸುಟ್ಟ ವಾಸನೆ ಬಂದು, ಫಟ್ ಎಂದು ಹರಿದು ಹಾರಿ, ಶಾಂತಾಳ ಮೊಣಕೈ ಕೆತ್ತಿಕೊಂಡು ಹೋಗಿ ಗೋಡೆಗೆ ಬಡಿಯಿತು.

ಹೆಂಗಸರೆಲ್ಲ ಓಡಿ ಬಂದರು. ಯಾರೋ ಅರಿಶಿನ ತಂದು ಒತ್ತಿದರು. ಶಾಂತಾ ನೋವಿಗಿಂತ ಹೆಚ್ಚು ಸಿಟ್ಟಿನಲ್ಲಿದ್ದಳು.

"ಬಟನ್ ಯಾಕ ಒತ್ತಲಿಲ್ಲವಾ?" ಎಂದೆ. ಗಾಯಗೊಂಡವಳನ್ನು ಕೇಳುವ ಮೊದಲ ಪ್ರಶ್ನೆ ಅದಲ್ಲ ಎಂದು ಕೇಳಿದ ಮೇಲೆ ಹೊಳೆಯಿತು.

"ನಾ ಯಾಕ ಒತ್ತಲಿರಿ? ಮಾಯವ್ವಕ್ಕಾನ ಒತ್ತಿಲ್ಲ!"

"ಆಕಿಗೆ ಒತ್ತೂ ಪ್ರಸಂಗ ಬಂದಿಲ್ಲ. ಆಕಿ ಇದ್ದಾಗ ಹಿಂಗ ಒಂದ ದಿನಾ ಆಗಿಲ್ಲಲಾ?"

ಶಾಂತಾ ನನ್ನನ್ನು, ಪರೀಕ್ಷೆಯಲ್ಲಿ ಸುಲಭದ ಪ್ರಶ್ನೆಯನ್ನೂ ಬಿಟ್ಟು ಬಂದ ಹುಡುಗನನ್ನು ನಾನು ನೋಡುವ ಹಾಗೆ ನೋಡಿದಳು. "ಹೆಂಗ ಆಕೈತ್ರಿ? ಆಕಿ ನಿಮ್ಮ ಮಿಶೀನ ನೋಡಿ ನೋಡಿ ಎಲಿ ಬಿಡತಾಳ. ಅದು ಸುಸ್ತ ಆತಂದ್ರ ಮುಷ್ಟಿ ಮುಷ್ಟಿ ಬಿಡತಾಳ. ಓಡಾಕ ಹತ್ತಿತಂದ್ರ ಬುಟ್ಟಿ ಡಬ್ ಹಾಕತಾಳ. ಆರ ವಾರ ಆತು, ರಟ್ಟಿ ಬಿದ್ದಾವ ಆಕೀವು. ರಾತ್ರಿ ಎಣ್ಣಿ ತಿಕ್ಕೋತಾಳ. ನಿಮಗ ಕಾಣಲಿಲ್ಲೇನ್ರಿ? ಇಲ್ಲೇ ಕುಂತೀರಲಾ?"

ಇಲ್ಲೇ ಕೂತಿದ್ದೆ. ತಾಸಿಗೊಮ್ಮೆ ಅಂಕಿ ಬರೆದುಕೊಳ್ಳುತ್ತಿದ್ದೆ. ಹೊಂದಿಕೊಳ್ಳುವ ನಿಯಂತ್ರಕ ನನ್ನ ಕಣ್ಣೆದುರೇ ಇತ್ತು. ಅದು ಸೀರೆಯ ಸೆರಗನ್ನು ಮೂಗಿಗೆ ಕಟ್ಟಿಕೊಂಡಿತ್ತು.

ಮರುದಿನ ಮಾಯವ್ವ ಬಂದಳು, ಕುಬಸದ ಮನೆಯ ಕರಿಗಡಬು ಕಟ್ಟಿಕೊಂಡು. ನನಗೆ ಎರಡು ಕೊಟ್ಟಳು. ತಿಂದ ಮೇಲೆ ಕೇಳಿದೆ.

"ಯಾಕ ಒತ್ತಲಿಲ್ಲವಾ ಮಾಯವ್ವಾ?"

ಅವಳು ಬುಟ್ಟಿಯ ಅಂಚು ಸವರಿದಳು. "ನಿಮ್ಮ ಮುಂದ ಹೆಂಗ ಒತ್ತೂದ್ರಿ ಸರ? ಉಂಡ ಮನ್ಯಾಗ ಕುಂತ, ಸಾರಿಗೆ ಉಪ್ಪ ಇಲ್ಲ ಅಂತಾರೇನ್ರಿ ಯಾರರೆ? ನೀವು ಚಿಕ್ಕೋಡಿಯಿಂದ ದಿನಾ ಬರತೀರಿ. ಧೂಳ ತಿನಕೋತ ಕುಂದ್ರತೀರಿ. ಒಮ್ಮಿ ಒತ್ತಿದ್ರ ನಿಮ್ಮ ಮಾರಿ ಇಷ್ಟ ಸಣ್ಣದ ಆಗತಿತ್ತು."

"ನೀ ತಪ್ಪ ಅನ್ನಲಿಲ್ಲಂದ್ರ ಅದು ಹೆಂಗ ಕಲೀತೈತಿ?"

"ಕಲೀಲಿಲ್ಲಂದ್ರ ಏನಾತ್ರಿ, ನಾ ಇದ್ದೀನಲ್ಲ" ಎಂದಳು.

ಅಂದೇ ಅಂಚೆ ಕಚೇರಿಯ ಹತ್ತಿರದ ಬೂತಿನಿಂದ ಬೆಳಗಾವಿಗೆ ಫೋನು ಮಾಡಿದೆ. ಮಾರ್ಗದರ್ಶಕರು ಎಲ್ಲ ಕೇಳಿ ಒಂದು ನಿಟ್ಟುಸಿರು ಬಿಟ್ಟರು. "ಆರ ವಾರ, ತಿದ್ದುಪಡಿ ಶೂನ್ಯ. ಆಕಿ ಒತ್ತಿಲ್ಲ ಹೌದಲ್ಲ?"

"ಹೌದ್ರಿ."

"ಮತ್ತ ಸುಳ್ಳೇನೈತಿ ಅದರಾಗ? ಇದ್ದದ್ದ ಬರದೀ. ಟೈಪ್ ಆಗೇತಿ. ಕೊಟ್ಟ ಬಿಡು."

ಇದಕ್ಕಿಂತ ಸರಿಯಾದ ಸಲಹೆ ಇರಲಿಲ್ಲ. ಪರೀಕ್ಷಕರು ನಿಪ್ಪಾಣಿಗೆ ಬಂದು ಮಾಯವ್ವನ ರಟ್ಟೆ ಮುಟ್ಟಿ ನೋಡುವವರಲ್ಲ. ನನಗೂ ಸಾಕಾಗಿತ್ತು. ಕೊಡುವುದೆಂದೇ ಬಸ್ಸು ಹತ್ತಿದೆ. ಟೈಪಾದ ಹಾಳೆಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಓದುತ್ತ ಬಂದೆ. 'ಕೆಲಸಗಾರರಿಗೆ ಯಾವುದೇ ಅಪಾಯವಿಲ್ಲದೆ' ಎಂಬ ಒಂದು ಸಾಲಿತ್ತು. ಅದನ್ನು ಹೊಡೆದುಹಾಕಿದರೆ ಸಾಕೆನಿಸಿತು. ಹೊಡೆದುಹಾಕಿದೆ. ಆಮೇಲೆ ಅದರ ಹಿಂದಿನ ಸಾಲೂ ನಿಲ್ಲಲಿಲ್ಲ, ಮುಂದಿನದೂ ನಿಲ್ಲಲಿಲ್ಲ. ಚಿಕ್ಕೋಡಿ ಬರುವ ಹೊತ್ತಿಗೆ ಐದನೆಯ ಅಧ್ಯಾಯದಲ್ಲಿ ಪುಟದ ಸಂಖ್ಯೆಗಳು ಮಾತ್ರ ಉಳಿದಿದ್ದವು. ಇದರಲ್ಲಿ ಧೀರತನವೇನೂ ಇಲ್ಲ. ಹೋಳಿಗೆಗೆ ಹೂರಣವಿಲ್ಲವೆಂದು ಗೊತ್ತಾದ ಮೇಲೆ ಬಡಿಸುವವನ ಕೈ ತಾನೇ ಹಿಂಜರಿಯುತ್ತದೆ, ಅಷ್ಟೆ.

ಮರುದಿನ ಮಾಯವ್ವನಿಗೆ ಹೇಳಿದೆ: ನನಗೆ ಬೇಸರವಿಲ್ಲ, ಒತ್ತು, ಎಷ್ಟು ಬೇಕಾದರೂ ಒತ್ತು. ಹ್ಞೂಂ ಎಂದಳು. ಮಧ್ಯಾಹ್ನದವರೆಗೆ ಸೊನ್ನೆ. ಅವಳ ಕೈ ಬಟನ್ನಿನ ಕಡೆ ಹೋಗುವುದು, ಕಣ್ಣು ನನ್ನ ಕಡೆ ಬರುವುದು, ಕೈ ಹಿಂದಕ್ಕೆ.

ಕೊನೆಗೆ ಶಾಂತಾಳೇ ನ್ಯಾಯ ಹೇಳಿದಳು. "ಸರ, ನೀವು ಹೊರಗ ನಡೀರಿ. ಮಾಸ್ತರು ಎದುರಿಗಿದ್ದರ ಹುಡುಗನ ಕಿವಿ ಯಾವ ತಾಯಿ ಹಿಂಡ್ಯಾಳು?"

ಹಾಗೆ ನನ್ನ ಸಂಶೋಧನೆಯ ಅತಿ ಮುಖ್ಯ ಭಾಗ ರಸ್ತೆಯಾಚೆಯ ಚಹಾದಂಗಡಿಯಲ್ಲಿ ನಡೆಯಿತು. ಅಂಗಡಿಯ ಬೆಂಚಿನ ಮೇಲೆ, ಬೆಳಗಿನಿಂದ ಸಂಜೆಯವರೆಗೆ, ನನ್ನ ಪ್ರಯೋಗದಿಂದ ದೂರವಿರುವುದೇ ಪ್ರಯೋಗದ ವಿಧಾನವಾಗಿ ಕುಳಿತೆ. ಅಲ್ಲಿಂದ ವಖಾರದ ಸದ್ದು ಕೇಳುತ್ತಿತ್ತು. ಮೊದಲ ಅರ್ಧ ತಾಸು ಬರೀ ಜರಡಿ. ಆಮೇಲೆ ಮಾಯವ್ವನ ಧ್ವನಿ, ಅಂಥ ಧ್ವನಿ ಅವಳಲ್ಲಿದೆ ಎಂದು ನನಗೆ ಗೊತ್ತೇ ಇರಲಿಲ್ಲ: "ಏ ಭಾಡ್ಯಾ! ಕಣ್ಣ ಕಾಣವೊಲ್ವೇನ ನಿನಗ? ಅಷ್ಟ ಎಲಿ ಬಿದ್ದೇತಿ, ತೂಕಡಸಾಕತ್ತೀಯಲಾ!" ಹೆಂಗಸರೆಲ್ಲ ನಕ್ಕರು. ಸಂಜೆ ಹೋಗಿ ನೋಡಿದರೆ ಅಂಕಿ ಎಂಬತ್ತಮೂರು. ಮಾಯವ್ವ ತಲೆ ತಗ್ಗಿಸಿ, "ಒಂದೀಟ ಜಾಸ್ತಿ ಆತ್ರಿ" ಎಂದಳು.

ಮರುದಿನ ಎಪ್ಪತ್ತು. ಆಮೇಲೆ ಐವತ್ತು, ನಲವತ್ತು. ಜೂನ್ ಮೊದಲ ವಾರ ಕಳೆಯುವ ಹೊತ್ತಿಗೆ ಹದಿನಾಲ್ಕಕ್ಕೆ ಇಳಿಯಿತು. ಇನ್ನು ನಾಲ್ಕು ದಿನ ಸಿಕ್ಕರೆ ಅಧ್ಯಾಯ ಬರೆಯಬಹುದು, ಮೂವತ್ತರೊಳಗೆ ಮುಟ್ಟಿಸಬಹುದು ಎಂದು ಲೆಕ್ಕ ಹಾಕಿದೆ. ಆ ಸಂಜೆ ಮಿರಗಾ, ಅಂದರೆ ಮೃಗಶಿರಾ ಮಳೆ ಬಂತು. ನಿಪ್ಪಾಣಿಯ ರೈತರೆಲ್ಲ ಮುಗಿಲಿಗೆ ಕೈ ಮುಗಿದರು. ಚಹಾದಂಗಡಿಯಲ್ಲಿ ಒಬ್ಬ ಮನುಷ್ಯ ಮಾತ್ರ ಕೈ ಮುಗಿಯದೆ ಕುಳಿತಿದ್ದ.

ಬೆಳಗಾಗುವುದರಲ್ಲಿ ಎಲೆ ಮೆತ್ತಗಾಗಿತ್ತು. ಒಣ ಎಲೆಗೆ ಕಲಿತ ವಿದ್ಯೆ ತಂಪು ಎಲೆಗೆ ಕೆಲಸಕ್ಕೆ ಬರಲಿಲ್ಲ. ಅಂದು ಅಂಕಿ ನೂರಾ ಹತ್ತೊಂಬತ್ತು. ಕಾಲೇಜು ಶುರುವಾಯಿತು. ಇದ್ದ ಗಳಿಕೆ ರಜೆಯನ್ನೆಲ್ಲ ಬರೆದುಕೊಟ್ಟೆ. ಬೂತಿನಿಂದ ಫೋನು ಮಾಡಿದರೆ ಮಾರ್ಗದರ್ಶಕರು, "ಒಣ ಎಲಿದಷ್ಟ ಬರದು ಮುಗಸು" ಎಂದರು. ಹೊಂದಿಕೊಳ್ಳುವ ನಿಯಂತ್ರಕ ಎಂದು ಹೆಸರಿಟ್ಟು, ಮಳೆ ಬಂದೊಡನೆ ಹೊಂದಿಕೊಳ್ಳಲಿಲ್ಲ ಎಂದು ಬರೆಯುವುದು ಹೇಗೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಜೂನ್ ಮೂವತ್ತು ಚಹಾದಂಗಡಿಯಲ್ಲೇ ಹಾದುಹೋಯಿತು. ಅಂದು ಮಳೆ ಜೋರಿತ್ತು, ತಟ್ಟಿಯಿಂದ ನೀರು ಸೋರಿ ನನ್ನ ಬೆಂಚಿನ ಅರ್ಧ ಒದ್ದೆಯಾಗಿತ್ತು, ಒಣ ಅರ್ಧದಲ್ಲಿ ಕುಳಿತಿದ್ದೆ. ಸಂಜೆಯ ಅಂಕಿ ಇಪ್ಪತ್ತಾರು. ಭೂಪಾಲಣ್ಣ ಛತ್ರಿ ಹಿಡಿದು ಬಂದು, "ಇವತ್ತ ಕಡೀ ದಿನಾ ಅಂದಿದ್ರಿ?" ಎಂದ. ಹೌದು ಎಂದೆ. "ಮತ್ತ?" ಎಂದ. "ಇಪ್ಪತ್ತಾರ ಐತಿ" ಎಂದೆ. ಅವನು ನನಗೊಂದು ಚಹಾ ಹೇಳಿ ಹೋದ.

ಜುಲೈ ಎರಡನೆಯ ವಾರದಲ್ಲಿ ಒಂದು ದಿನ ಸಂಜೆ ಒಳಗೆ ಹೋದೆ. ಕೆಂಪು ಅಂಕಿ ಸೊನ್ನೆ. ಇದನ್ನು ನಂಬುವ ಮುನ್ನ ಈ ಸಲ ಬಟನ್ನು ನೋಡಿದೆ. ಕರಿಯದಿರಲಿ, ಬಿಳಿ ಬಟನ್ನಿನ ಮೇಲೂ ಕುಂಕುಮದ ಗುರುತು ಇರಲಿಲ್ಲ. ತಂಬಾಕಿನ ಬೆರಳು ಬಿದ್ದು ಬಿದ್ದು ಅದು ಕಂದು ಬಣ್ಣಕ್ಕೆ ತಿರುಗಿತ್ತು. ಜರಡಿಯ ಮುಂದೆ ಶಾಂತಾ ಬುಟ್ಟಿ ಎತ್ತಿ ಹೇಗೆ ಬಂತೋ ಹಾಗೆ ಸುರಿಯುತ್ತಿದ್ದಳು. ಗುಡ್ಡೆ ಕಟ್ಟುವ ಮುಂಚೆಯೇ ಮೋಟಾರು ದನಿ ಏರಿಸುತ್ತಿತ್ತು, ಕರಗಿದ ಮೇಲೆ ಇಳಿಸುತ್ತಿತ್ತು. ಮಾಯವ್ವ ಗೋಡೆಗೆ ಒರಗಿ, ಕೈ ಎರಡನ್ನೂ ಮಡಿಲಲ್ಲಿ ಇಟ್ಟುಕೊಂಡು ಕುಳಿತಿದ್ದಳು.

"ಹೆಂಗೈತಿ ಮಾಯವ್ವಾ?"

ಅವಳು ನನ್ನ ಮುಖವನ್ನೇ ನೋಡಿ ಹೇಳಿದಳು: "ಬೆಳಿಗ್ಗಿ ಹೊತ್ತ ಇನ್ನೂ ಜರಾ ಮಬ್ಬ ಐತ್ರಿ ಸರ, ಒತ್ತೂವಷ್ಟಲ್ಲ. ತಿದ್ದಬೇಕು."

ಆ ಪೆಟ್ಟಿಗೆ ಮುಂದೆ ಎರಡು ಮಳೆಗಾಲ ನಡೆದು, ಬ್ಯಾಟರಿ ಸತ್ತ ದಿನ ಎಲ್ಲವನ್ನೂ ಮರೆಯಿತು. ಪ್ರಬಂಧವನ್ನು ನಾನು ಜುಲೈ ಹತ್ತೊಂಬತ್ತರಂದು ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆ. ಅವಧಿ ಮೀರಿದೆ ಎಂದು ಮೇಲೆ ಬರೆದು, ವಿಶ್ವವಿದ್ಯಾಲಯ ಅದನ್ನು ತೆರೆಯದೆ ಹಿಂದಿರುಗಿಸಿತು. ನಾನು ಉಪನ್ಯಾಸಕನಾಗಿಯೇ ನಿವೃತ್ತನಾದೆ.